ಪೆಟ್ಟಿಗೆ ಒಂದೇ, ಗುಣ ಹಲವು
(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ಆದರೆ ಯಾವ ಸಾಫ್ಟ್‌ವೇರೂ ಗಾಳಿಯಲ್ಲಿ ಓಡುವುದಿಲ್ಲ, ಅದಕ್ಕೆ ವಸ್ತು ಬೇಕು. ಅಂಥ ಒಂದು ವಸ್ತುಕುಟುಂಬದ ಬಗ್ಗೆ ಇಂದು ಹೇಳುತ್ತೇನೆ. ಅದರ ಹೆಸರು ಪೆರೋವ್‌ಸ್ಕೈಟ್.

1839ರಲ್ಲಿ ಜರ್ಮನಿಯ ಗುಸ್ಟಾವ್ ರೋಸ್ ಅವರು ರಷ್ಯಾದ ಉರಲ್ ಪರ್ವತದ ಒಂದು ಖನಿಜವನ್ನು ಪರೀಕ್ಷಿಸಿ ಅದಕ್ಕೆ ಲೆವ್ ಪೆರೋವ್‌ಸ್ಕಿ ಎಂಬವರ ಹೆಸರಿಟ್ಟರು. ಅದು ಕ್ಯಾಲ್ಸಿಯಂ ಟೈಟನೇಟ್. ಅದರ ರಚನೆ ತಿಳಿಯಲು ಒಂದು ಚೌಕ ಪೆಟ್ಟಿಗೆಯನ್ನು ಊಹಿಸಿಕೊಳ್ಳಿ. ಎಂಟು ಮೂಲೆಗಳಲ್ಲಿ ದೊಡ್ಡ ಅಯಾನುಗಳು, ನಟ್ಟನಡುವೆ ಚಿಕ್ಕದೊಂದು, ಆರು ಮುಖಗಳ ಮಧ್ಯದಲ್ಲಿ ಆಕ್ಸಿಜನ್. ಮೂಲೆಯಲ್ಲಿ ಯಾವ ಲೋಹ, ನಡುವೆ ಯಾವ ಲೋಹ ಎಂಬುದರ ಮೇಲೆ ವಸ್ತುವಿನ ಗುಣ ನಿಂತಿದೆ.

ಮೂಲೆಗೆ ಬೇರಿಯಂ, ನಡುವೆ ಟೈಟಾನಿಯಂ ಇಟ್ಟರೆ ಬೇರಿಯಂ ಟೈಟನೇಟ್. ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇದರ ಟೈಟಾನಿಯಂ ಅಯಾನು ನಡುವಿನಿಂದ ತುಸು ಸರಿಯುತ್ತದೆ. ಪೆಟ್ಟಿಗೆಯ ಒಂದು ಬದಿ ಧನ, ಇನ್ನೊಂದು ಬದಿ ಋಣವಾಗುತ್ತದೆ. ಹೀಗೆ ಸುಲಭವಾಗಿ ಸರಿಯುವುದರಿಂದಲೇ ಸ್ವಲ್ಪ ಜಾಗದಲ್ಲಿ ಹೆಚ್ಚು ವಿದ್ಯುದಾವೇಶ ಹಿಡಿದಿಡಬಹುದು. ನಿಮ್ಮ ಮೊಬೈಲಿನಲ್ಲಿ ಇದರಿಂದ ಮಾಡಿದ, ಎಳ್ಳುಕಾಳಿಗಿಂತ ಚಿಕ್ಕ ಕೆಪಾಸಿಟರ್‌ಗಳು ನೂರಾರು ಇವೆ.

ಇನ್ನು ಮೂಲೆಗೆ ಲ್ಯಾಂಥನಂ, ನಡುವೆ ಮ್ಯಾಂಗನೀಸ್ ಇಡೋಣ. ತಂಪಿನಲ್ಲಿ ಇದರ ಒಂದು ಪದರದ ಕಾಂತತೆ ಪಕ್ಕದ ಪದರದ್ದಕ್ಕೆ ವಿರುದ್ಧವಾಗಿದ್ದು, ಒಟ್ಟು ಕಾಂತತೆ ಸೊನ್ನೆಯಾಗುತ್ತದೆ. ವಿದ್ಯುತ್ತೂ ಹರಿಯದು. ಈಗ ಹತ್ತು ಲ್ಯಾಂಥನಂಗಳಲ್ಲಿ ಮೂರನ್ನು ತೆಗೆದು ಸ್ಟ್ರಾನ್ಷಿಯಂ ಹಾಕಿ. ಲ್ಯಾಂಥನಂನ ಆವೇಶ ಮೂರು, ಸ್ಟ್ರಾನ್ಷಿಯಂನದು ಎರಡು. ಲೆಕ್ಕ ಸರಿದೂಗಿಸಲು ಕೆಲವು ಮ್ಯಾಂಗನೀಸ್‌ಗಳು ಒಂದೊಂದು ಎಲೆಕ್ಟ್ರಾನ್ ಬಿಟ್ಟುಕೊಡುತ್ತವೆ. ಆಗ ಎಲೆಕ್ಟ್ರಾನ್‌ಗಳು ಆಕ್ಸಿಜನ್ ಮೂಲಕ ಒಂದು ಮ್ಯಾಂಗನೀಸ್‌ನಿಂದ ಇನ್ನೊಂದಕ್ಕೆ ಜಿಗಿಯಬಲ್ಲವು. ಎರಡರ ಕಾಂತತೆಯೂ ಒಂದೇ ದಿಕ್ಕಿಗಿದ್ದರೆ ಜಿಗಿತ ಸುಲಭ. ಆದ್ದರಿಂದ ಈ ವಸ್ತು ಒಮ್ಮೆಗೇ ಅಯಸ್ಕಾಂತವೂ ಆಗುತ್ತದೆ, ವಾಹಕವೂ ಆಗುತ್ತದೆ! 1951ರಲ್ಲಿ ಜೀನರ್ ಇದಕ್ಕೆ ವಿವರಣೆ ಕೊಟ್ಟರು. ಇಂಥ ಕೆಲವು ಮ್ಯಾಂಗನೈಟ್‌ಗಳಲ್ಲಿ ಕಾಂತಕ್ಷೇತ್ರ ಒಡ್ಡಿದರೆ ವಿದ್ಯುತ್ ರೋಧ ಬಹಳ ಇಳಿಯುತ್ತದೆ. ನಮ್ಮ ಬೆಂಗಳೂರಿನಲ್ಲೇ ಪ್ರೊಫೆಸರ್ ಸಿ.ಎನ್.ಆರ್. ರಾವ್ ಅವರು ಇವುಗಳ ಮೇಲೆ ದೀರ್ಘಕಾಲ ಸಂಶೋಧನೆ ನಡೆಸಿದ್ದಾರೆ.

ವಾಹಕ, ಅವಾಹಕ, ಅಯಸ್ಕಾಂತ ಎಂದು ನಾವು ಬೇರೆ ಬೇರೆ ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತೇವೆ. ಪಟ್ಟಿ ಎಲ್ಲಿ ಮುರಿಯುತ್ತದೆ ಎಂದು ನೋಡಿದವರಿಂದ ವಿಜ್ಞಾನ ಬೆಳೆಯಿತು. ಮಕ್ಕಳೆ, ಎಲ್ಲರೂ ನನ್ನಂತೆ ಕಂಪ್ಯೂಟರ್ ಮುಂದೆಯೇ ಕೂರಬೇಕಿಲ್ಲ. ವಸ್ತುವಿಜ್ಞಾನದ ದಾರಿಯೂ ತೆರೆದಿದೆ.

ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಬಿನ್ನಹ. ಮಹೋತ್ಸವದ ನಿಧಿಯಿಂದ ಸ್ವಾಗತ ಕಮಾನು ಆಗಲಿ, ಆದರೆ ಮೊದಲು ಪ್ರಯೋಗಾಲಯಕ್ಕೆ ಹತ್ತು ಮಲ್ಟಿಮೀಟರ್, ಒಳ್ಳೆಯ ಅಯಸ್ಕಾಂತಗಳು ಬರಲಿ. ಮಲ್ಟಿಮೀಟರುಗಳ ವೆಚ್ಚ ನನ್ನದು.