ಕ್ಯಾನ್ಸರ್ ರೋಗಿಯ ಆಹಾರ: ರೈತ ಕುಟುಂಬಗಳು ತಿಳಿಯಬೇಕಾದ ಅಂಶಗಳು

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಬೇಸಾಯಶಾಸ್ತ್ರದ ಅಧ್ಯಾಪಕ. ಆದರೂ ಈ ದಿನ ಕ್ಯಾನ್ಸರ್ ರೋಗಿಯ ಊಟದ ಬಗ್ಗೆ ಮಾತನಾಡಲು ಕಾರಣವಿದೆ. ಚಿಕಿತ್ಸೆ ಕೊಡುವವರು ವೈದ್ಯರು. ಅದನ್ನು ತಾಳಿಕೊಳ್ಳುವ ಶಕ್ತಿ ಬರಬೇಕಾದದ್ದು ಮನೆಯ ಅಡಿಗೆಯಿಂದ. ಅದಕ್ಕೆ ಬೇಕಾದ ಬಹುಪಾಲು ಸಾಮಗ್ರಿಯನ್ನು ನೀವೇ ಬೆಳೆಯುತ್ತೀರಿ.

ಈ ರೋಗದಲ್ಲಿ ಹಸಿವು ಕುಗ್ಗುತ್ತದೆ, ಮಾಂಸಖಂಡ ಕರಗುತ್ತದೆ. ಬಾಯಿ ಅಥವಾ ಗಂಟಲಿಗೆ ವಿಕಿರಣ ಚಿಕಿತ್ಸೆ, ಅಂದರೆ ಜನ ಹೇಳುವ ‘ಕರೆಂಟ್’ ಕೊಟ್ಟಾಗ ಬಾಯಲ್ಲಿ ಹುಣ್ಣಾಗುತ್ತದೆ, ಜೊಲ್ಲು ಒಣಗುತ್ತದೆ, ರುಚಿ ಕೆಡುತ್ತದೆ. ತೂಕ ಬಹಳ ಇಳಿದರೆ ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸಬೇಕಾಗಬಹುದು. ಹಾಗೆ ನಿಂತರೆ ಅದರ ಫಲವೂ ಕುಗ್ಗುತ್ತದೆ.

ಇಂಥ ಹೊತ್ತಿನಲ್ಲೇ ಕೆಲವರು ಪಥ್ಯವೆಂದು ಹಾಲು, ಮೊಟ್ಟೆ, ಬೇಳೆ ಬಿಡಿಸಿ ಬರೀ ಗಂಜಿ ಕೊಡುತ್ತಾರೆ. ಚೆನ್ನಾಗಿ ಉಂಡರೆ ಗಡ್ಡೆಯೂ ಬೆಳೆಯುತ್ತದೆಂಬ ಭಯ ಅವರಿಗೆ. ಇದು ತಪ್ಪು ತಿಳಿವಳಿಕೆ. ಊಟ ನಿಲ್ಲಿಸಿದರೆ ಸೊರಗುವುದು ಗಡ್ಡೆಯಲ್ಲ, ರೋಗಿ. ಕಳೆಗೆ ನೀರು ಸಿಗಬಾರದೆಂದು ಇಡೀ ಹೊಲಕ್ಕೆ ನೀರು ನಿಲ್ಲಿಸುವ ರೈತನುಂಟೇ?

ಎಷ್ಟು ಆಹಾರ ಬೇಕು?

ದಿನವೊಂದಕ್ಕೆ ದೇಹದ ಪ್ರತಿ ಕಿಲೋ ತೂಕಕ್ಕೆ ಸುಮಾರು 25ರಿಂದ 30 ಕ್ಯಾಲೊರಿ ಶಕ್ತಿ, 1ರಿಂದ 1.5 ಗ್ರಾಂ ಸಸಾರಜನಕ ಬೇಕು. 50 ಕಿಲೋ ತೂಗುವವರಿಗೆ ರಾಗಿ ಹಿಟ್ಟು 100 ಗ್ರಾಂ, ಅಕ್ಕಿ 100 ಗ್ರಾಂ, ಬೇಳೆ 75 ಗ್ರಾಂ, ಹಾಲು ಅರ್ಧ ಲೀಟರ್, ಮೊಟ್ಟೆ 2, ಕಡಲೆಕಾಯಿ ಬೀಜ 25 ಗ್ರಾಂ ಕೊಟ್ಟರೆ ಸುಮಾರು 1,500 ಕ್ಯಾಲೊರಿಯೂ 60 ಗ್ರಾಂಗಿಂತ ಹೆಚ್ಚು ಸಸಾರಜನಕವೂ ದೊರೆಯುತ್ತವೆ. ಮೊಟ್ಟೆ ತಿನ್ನದವರಿಗೆ ಬೇಳೆ, ಮೊಸರನ್ನು ಹೆಚ್ಚಿಸಬೇಕು. ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿ ಈ ಪ್ರಮಾಣ ನಿರ್ಧರಿಸಬೇಕು.

ಮೊಳಕೆ ರಾಗಿಯ ಉಪಯೋಗ

ಹುಣ್ಣಾದ ಬಾಯಿಗೆ ಮುದ್ದೆ, ರೊಟ್ಟಿ ಒಗ್ಗುವುದಿಲ್ಲ. ಸಾದಾ ರಾಗಿ ಹಿಟ್ಟು ಬೇಯುತ್ತಲೇ ಗಟ್ಟಿಯಾಗುತ್ತದೆ. ತೆಳುವಾಗಲೆಂದು ನೀರು ಹೆಚ್ಚಿಸಿದರೆ ಹೊಟ್ಟೆ ತುಂಬುವುದು ನೀರಿನಿಂದ, ಆಹಾರದಿಂದಲ್ಲ. ಮೊಳಕೆಯೊಡೆದ ರಾಗಿಯಲ್ಲಿ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಇದು ಪಿಷ್ಟವನ್ನು ಒಡೆದು ಗಂಜಿಯನ್ನು ತೆಳುವಾಗಿಸುತ್ತದೆ. ಆದ್ದರಿಂದ ಒಂದೇ ಲೋಟದಲ್ಲಿ ಹೆಚ್ಚು ಹಿಟ್ಟನ್ನು ಕುಡಿಸಬಹುದು.

ರಾಗಿಯನ್ನು ತೊಳೆದು ರಾತ್ರಿ ನೆನೆಹಾಕಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಮೊಳಕೆ ಬರಿಸಬೇಕು. ಬೂಷ್ಟು ಕಂಡರೆ ಅಥವಾ ಕೆಟ್ಟ ವಾಸನೆ ಬಂದರೆ ಬಿಸಾಡಬೇಕು. ಚೆನ್ನಾಗಿ ಒಣಗಿಸಿ, ಉಜ್ಜಿ ಬೇರು ತೆಗೆದು, ಸ್ವಲ್ಪವೇ ಬಿಸಿಮಾಡಿ ಬೀಸಬೇಕು. ಕೆಂಪಗೆ ಹುರಿದರೆ ಕಿಣ್ವ ನಾಶವಾಗುತ್ತದೆ. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿ, ಕೊನೆಗೆ ಚೆನ್ನಾಗಿ ಕುದಿಸಿ ಹಾಲು, ಬೆಲ್ಲ ಸೇರಿಸಬೇಕು.

ಉಣಿಸುವ ಕ್ರಮ

1. ಮೂರು ದೊಡ್ಡ ಊಟದ ಬದಲು ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ.

2. ಬಾಯಿ ಹುಣ್ಣಿಗೆ ಖಾರ, ಹುಳಿ, ಅತಿ ಬಿಸಿ ಬೇಡ. ಮೆತ್ತಗೆ ಕಲಸಿದ ಬೇಳೆ ಅನ್ನ, ಪೊಂಗಲ್, ಮೊಸರನ್ನ ಸೂಕ್ತ. ಅನ್ನಕ್ಕೆ ಒಂದು ಚಮಚ ತುಪ್ಪ ಬೆರೆಸಿ.

3. ಒಗ್ಗರಣೆಯ ವಾಸನೆಗೆ ವಾಕರಿಕೆ ಬಂದರೆ ಆರಿದ ಆಹಾರ ಕೊಡಿ.

4. ಔಷಧಿ ಚಿಕಿತ್ಸೆಯಲ್ಲಿ ಸೋಂಕು ತಡೆಯುವ ಶಕ್ತಿ ಕಡಿಮೆಯಾಗುತ್ತದೆ. ಹಸಿ ಹಾಲು, ಅರೆಬೆಂದ ಮೊಟ್ಟೆ, ಹಸಿ ಮೊಳಕೆಕಾಳು ಬೇಡ. ಕುದಿಸಿ ಆರಿಸಿದ ನೀರು ಕೊಡಿ. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದಾದ್ದರಿಂದ ಅದನ್ನು ಯಾರೂ ತಿನ್ನಬಾರದು.

5. ನುಂಗುವಾಗ ಕೆಮ್ಮು ಬಂದರೆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು. ಬಲವಂತ ಮಾಡದೆ ಕೂಡಲೇ ವೈದ್ಯರಿಗೆ ತಿಳಿಸಿ.

ಕೆಲವರಿಗೆ ಮೂಗಿನ ಮೂಲಕ ನಳಿಕೆ ಹಾಕುತ್ತಾರೆ. ಇದನ್ನು ಕಂಡು ‘ಇನ್ನು ಮುಗಿಯಿತು’ ಎಂದು ಮನೆಯವರು ಧೈರ್ಯಗೆಡುವುದುಂಟು. ಎಷ್ಟೋ ವೇಳೆ ಹುಣ್ಣು ಮಾಯುವವರೆಗೆ ಮಾತ್ರ ಇರುವ ಅನುಕೂಲವದು. ಸೋಸಿದ ಆಹಾರವನ್ನು ಆಸ್ಪತ್ರೆಯವರು ಹೇಳಿದ ಪ್ರಮಾಣದಲ್ಲಿ, ತಲೆ ಎದೆಯನ್ನು ಎತ್ತರಿಸಿ ನಿಧಾನವಾಗಿ ಬಿಡಬೇಕು. ಮೊದಲೂ ಕೊನೆಗೂ ನೀರು ಹಾಯಿಸಬೇಕು. ನಂತರ ಕನಿಷ್ಠ ಅರ್ಧ ಗಂಟೆ ಮಲಗಿಸಬಾರದು. ನಳಿಕೆ ಜಾರಿದರೆ ಆಹಾರ ಬಿಡಬಾರದು, ಮನೆಯಲ್ಲಿ ತಳ್ಳಲೂಬಾರದು.

ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ಆರು ತಿಂಗಳಲ್ಲಿ ನೂರಕ್ಕೆ ಐದು ಪಾಲಿಗಿಂತ ಹೆಚ್ಚು ಇಳಿದರೆ, ಎಂದರೆ 50 ಕಿಲೋ ಇದ್ದವರು 47.5 ಕಿಲೋಗಿಂತ ಕೆಳಗಿಳಿದರೆ, ಅದು ಎಚ್ಚರಿಕೆಯ ಗುರುತು. ಆ ಚೀಟಿಯನ್ನು ವೈದ್ಯರಿಗೆ ತೋರಿಸಿ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಾಗಲಿ ಬೇರೆ ಕ್ಯಾನ್ಸರ್ ಆಸ್ಪತ್ರೆಗಾಗಲಿ ಹೋದಾಗ ಔಷಧಿಯಂತೆಯೇ ಊಟದ ಬಗ್ಗೆಯೂ ಕೇಳಿ ಬರಬೇಕು.

ರೋಗ ಕೊನೆಯ ಹಂತ ತಲುಪಿದಾಗ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಆಗ ತೂಕಕ್ಕಿಂತ ನೆಮ್ಮದಿ ಮುಖ್ಯ. ಕೇಳಿದ್ದನ್ನು, ಕೇಳಿದಷ್ಟು ಕೊಡಿ; ಬೇಡವೆಂದರೆ ತುಟಿ ತೇವ ಮಾಡಿ ಪಕ್ಕದಲ್ಲಿ ಕುಳಿತರೆ ಸಾಕು.

ವಿಸ್ತರಣಾ ಕಾರ್ಯಕರ್ತರು ಊರಿನ ಆಶಾ ಕಾರ್ಯಕರ್ತೆಯರೊಡನೆ ಸೇರಿ ಇಂಥ ಮನೆಗಳಿಗೆ ಹೋಗಿ ಮೊಳಕೆ ರಾಗಿ ಹಿಟ್ಟು ಮಾಡುವ ವಿಧಾನವನ್ನು ತೋರಿಸಿಕೊಡಬೇಕೆಂದು ಕೋರುತ್ತೇನೆ.