ಗಾಡಿ ವಾಪಸು ಕರೆದರೆ ಸಾಲದು, ನಷ್ಟ ತುಂಬಿಕೊಡಬೇಕು

(ವರ್ತೂರಿನಲ್ಲಿ ಕಾರ್ಮಿಕರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)

ಪಾಳಿ ಮುಗಿಸಿ ನೇರವಾಗಿ ಬಂದವರಿದ್ದೀರಿ, ಅಂಗಡಿ ಬಾಗಿಲು ಹಾಕಿಕೊಂಡು ಬಂದವರಿದ್ದೀರಿ. ನಿಮ್ಮ ಹೊತ್ತಿಗೆ ಬೆಲೆಯುಂಟು. ಇವತ್ತಿನ ಮಾತೂ ಆ ಹೊತ್ತಿನ ಬೆಲೆಯನ್ನು ಕುರಿತದ್ದೇ.

ಗಾಡಿ ಇಟ್ಟುಕೊಳ್ಳುವುದು ಸಾಹುಕಾರರ ಷೋಕಿಯೆಂಬ ಕಾಲ ಹೋಯಿತು. ವರ್ತೂರು ಕೋಡಿಯಿಂದ ವೈಟ್‌ಫೀಲ್ಡಿನ ಕಡೆಗೆ ಬೆಳಗಿನ ಹೊತ್ತು ಒಮ್ಮೆ ನೋಡಿ. ತರಕಾರಿ, ಹಾಲು, ದಿನಸಿ, ಕೂಲಿಯಾಳು, ಶಾಲೆಯ ಮಕ್ಕಳು, ಎಲ್ಲವೂ ಸಣ್ಣ ಗಾಡಿಗಳ ಮೇಲೆಯೇ ಸಾಗುತ್ತವೆ. ಸಾಲ ಮಾಡಿ ಕೊಂಡ ಗಾಡಿ ಅದು. ಗಾಡಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ.

ಇಂಥ ಗಾಡಿಯಲ್ಲಿ ತಯಾರಿಕೆಯ ದೋಷವಿದೆಯೆಂದು ಕಂಪನಿಯೇ ಒಂದು ದಿನ ತಿಳಿಸುತ್ತದೆ. 2023ರ ಜುಲೈಯಲ್ಲಿ ಮಾರುತಿ ಸುಜುಕಿ ಕಂಪನಿ ಎಸ್-ಪ್ರೆಸ್ಸೊ ಮತ್ತು ಈಕೋ ಸೇರಿ 87,599 ಗಾಡಿಗಳನ್ನು ವಾಪಸು ಕರೆಯಿತು. 2021ರ ಜುಲೈ 5ರಿಂದ 2023ರ ಫೆಬ್ರವರಿ 15ರವರೆಗೆ ತಯಾರಾದ ಗಾಡಿಗಳು ಅವು. ಸ್ಟಿಯರಿಂಗಿನ ಟೈ ರಾಡಿನ ಒಂದು ಭಾಗದಲ್ಲಿ ದೋಷವಿರಬಹುದು, ಅಪರೂಪಕ್ಕೆ ಅದು ಮುರಿದು ಗಾಡಿ ಹಿಡಿತ ತಪ್ಪಬಹುದು, ತಂದರೆ ಬಿಟ್ಟಿಯಾಗಿ ಸರಿಮಾಡುತ್ತೇವೆ ಎಂಬುದು ಅದರ ಸಾರಾಂಶ. ಹೇಳಿದ್ದು ಒಳ್ಳೆಯದೇ. ದೋಷವನ್ನು ಮುಚ್ಚಿಡುವುದಕ್ಕಿಂತ ತಿಳಿಸುವುದು ಮೇಲು. ಆದರೆ ‘ಬಿಟ್ಟಿ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಒಂದು ಲೆಕ್ಕ ಹಾಕೋಣ. ಇಂಥ ಯಾವುದೋ ದೋಷಕ್ಕಾಗಿ ತರಕಾರಿ ಸಾಗಿಸುವವನೊಬ್ಬನ ಗಾಡಿ, ಬಿಡಿಭಾಗ ಬರುವವರೆಗೆ ನಾಲ್ಕು ದಿನ ವರ್ಕ್‌ಷಾಪಿನಲ್ಲಿ ನಿಂತಿತೆನ್ನಿ. ಬಾಡಿಗೆ ಗಾಡಿಗೆ ದಿನಕ್ಕೆ 1,500 ರೂಪಾಯಿಯಂತೆ 6,000 ರೂಪಾಯಿ ಅವನ ಕೈಯಿಂದ ಹೋಯಿತು. ಕಂಪನಿ ಬಿಟ್ಟಿ ಕೊಟ್ಟದ್ದು ಒಂದು ಬಿಡಿಭಾಗ, ಇವನು ಬಿಟ್ಟಿ ಕೊಟ್ಟದ್ದು ನಾಲ್ಕು ದಿನದ ದುಡಿಮೆ. 6,000 ರೂಪಾಯಿಗಾಗಿ ವಕೀಲರನ್ನು ಹಿಡಿದು ಅಲೆಯುವುದು ಯಾರಿಗೆ ಗಿಟ್ಟುತ್ತದೆ? ಯಾರಿಗೂ ಇಲ್ಲ. ಈ ಲೆಕ್ಕ ಕಂಪನಿಗೂ ಗೊತ್ತು. ಆದರೆ ಇಂಥವರು ನೂರು ಮಂದಿ ಸೇರಿದರೆ ಮೊತ್ತ 6 ಲಕ್ಷವಾಗುತ್ತದೆ, ಸಾವಿರ ಮಂದಿಯಾದರೆ 60 ಲಕ್ಷ. ಒಬ್ಬನೇ ಹೋಗಿ ಮ್ಯಾನೇಜರನ ಮುಂದೆ ನಿಲ್ಲುವುದಕ್ಕೂ ಇಡೀ ಪಾಳಿಯೇ ಹೋಗಿ ನಿಲ್ಲುವುದಕ್ಕೂ ಇರುವ ಅಂತರವನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಬೇರೆ ಕಡೆ ಏನಾಯಿತು ಎಂಬುದನ್ನು ನೋಡಿ. ಜಪಾನಿನ ಟಕಾಟಾ ಕಂಪನಿ ಕಾರುಗಳಿಗೆ ಏರ್‌ಬ್ಯಾಗು ಮಾಡಿಕೊಡುತ್ತಿತ್ತು. ಅದನ್ನು ಉಬ್ಬಿಸಲು ಬಳಸಿದ ಅಮೋನಿಯಂ ನೈಟ್ರೇಟಿನ ಮದ್ದು ವರ್ಷಗಟ್ಟಲೆ ಸೆಕೆಗೂ ತೇವಕ್ಕೂ ಸಿಕ್ಕಿ ಕೆಡುತ್ತಿತ್ತು. ಆಗ ಅದು ಮಿತಿಮೀರಿ ಸಿಡಿದು ಲೋಹದ ಚೂರುಗಳು ಕಾರಿನಲ್ಲಿದ್ದವರಿಗೇ ತಗುಲುತ್ತಿದ್ದವು. ಪ್ರಾಣ ಉಳಿಸಬೇಕಾದ್ದೇ ಪ್ರಾಣ ತೆಗೆಯಿತು. ಅಮೆರಿಕದಲ್ಲಿ ಕಾರಿನ ಮಾಲೀಕರು ಒಟ್ಟಾಗಿ ದಾವೆ ಹೂಡಿದರು. 2017ರಲ್ಲಿ ಹೋಂಡಾ ಕಂಪನಿ 60.5 ಕೋಟಿ ಡಾಲರಿಗೆ ರಾಜಿಗೆ ಬಂತು. ರಿಪೇರಿಗೆ ಕಾರು ಬಿಡಲು ಹೋಗಿ ತಪ್ಪಿದ ಕೂಲಿಯನ್ನೂ ಬಾಡಿಗೆ ಕಾರಿನ ಖರ್ಚನ್ನೂ ಕೇಳಿ ಪಡೆಯಲು ಆ ರಾಜಿಯಲ್ಲಿ ಅವಕಾಶವಿತ್ತು. ಅದೇ ಟಕಾಟಾ ಏರ್‌ಬ್ಯಾಗಿಗಾಗಿ 2016ರ ಜುಲೈಯಲ್ಲಿ ನಮ್ಮ ದೇಶದಲ್ಲಿ ಹೋಂಡಾ 1,90,000ಕ್ಕೂ ಹೆಚ್ಚು ಕಾರುಗಳನ್ನು ವಾಪಸು ಕರೆಯಿತು. ಇಲ್ಲಿನ ಮಾಲೀಕರಿಗೆ ಅದು ಹೇಳಿದ್ದು ಬಿಟ್ಟಿ ಬದಲಾವಣೆಯ ಮಾತು. ಅಲ್ಲಿಯವನ ಒಂದು ದಿನದ ಕೂಲಿಗೆ ಬೆಲೆಯಿದ್ದರೆ ಇಲ್ಲಿಯವನ ಕೂಲಿಗೆ ಏಕಿರಬಾರದು?

ನಮ್ಮಲ್ಲಿ ಕಾಯಿದೆಯೇ ಇಲ್ಲವೆಂದು ತಿಳಿಯಬೇಡಿ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ 110ಎ ಎಂಬ ಕಲಮು ಸೇರಿತು, 2021ರ ಏಪ್ರಿಲ್ 1ರಿಂದ ಜಾರಿಗೆ ಬಂತು. ದೋಷವುಳ್ಳ ಗಾಡಿಗಳನ್ನು ವಾಪಸು ಕರೆಯಿರೆಂದು ಕೇಂದ್ರ ಸರ್ಕಾರವೇ ಆಜ್ಞೆ ಮಾಡಬಹುದು. ಆಗ ಕಂಪನಿ ಪೂರ್ತಿ ಬೆಲೆ ಹಿಂದಿರುಗಿಸಬೇಕು, ಇಲ್ಲವೆ ಬೇರೆ ಗಾಡಿ ಕೊಡಬೇಕು, ಇಲ್ಲವೆ ಸರಿಮಾಡಿಕೊಡಬೇಕು. ನಿಯಮಗಳ ಪ್ರಕಾರ 10 ಲಕ್ಷದಿಂದ 1 ಕೋಟಿಯವರೆಗೆ ದಂಡವೂ ಉಂಟು. ಆದರೆ ದಂಡ ಹೋಗುವುದು ಸರ್ಕಾರಕ್ಕೆ. ಕಂಪನಿ ತಾನಾಗಿ ದೋಷ ತಿಳಿಸಿ ವಾಪಸು ಕರೆದರೆ ಆ ದಂಡವೂ ಇಲ್ಲ. ನಿಮ್ಮ ದುಡಿಮೆ ನಿಂತ ದಿನದ ಮಾತು ಆ ಕಲಮಿನಲ್ಲಿಲ್ಲ.

ಆ ಮಾತಿಗೆ ಇನ್ನೊಂದು ಬಾಗಿಲು ತಟ್ಟಬೇಕು. ಅದು 2019ರ ಗ್ರಾಹಕರ ರಕ್ಷಣಾ ಕಾಯಿದೆ. ತಯಾರಿಕೆಯ ದೋಷದಿಂದಾದ ಹಾನಿಗೆ ತಯಾರಕನೇ ಹೊಣೆ ಎನ್ನುತ್ತದೆ ಅದರ 84ನೆಯ ಕಲಮು. ವ್ಯಾಪಾರಕ್ಕೆ ಕೊಂಡ ವಸ್ತುವಿಗೆ ಈ ಕಾಯಿದೆ ಅನ್ವಯಿಸದು. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕೆಂದೇ ಕೊಂಡ ಗಾಡಿಯನ್ನು ಕಾಯಿದೆ ಹಾಗೆ ತಳ್ಳಿಹಾಕುವುದಿಲ್ಲ. ಸಣ್ಣ ವರ್ತಕರು ಇದನ್ನು ನೆನಪಿಡಬೇಕು. ದೂರನ್ನು ಕಂಪನಿಯ ಊರಿಗೆ ಹೋಗಿ ಕೊಡಬೇಕಾಗಿಲ್ಲ. ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ಕೊಡಬಹುದು.

ಗಾಡಿಯ ತಂತ್ರ ನಮಗೇನು ಗೊತ್ತು ಎಂದು ಕೆಲವರು ಅಂಜುತ್ತಾರೆ. ಅಪಘಾತವಾದಾಗ ಏರ್‌ಬ್ಯಾಗು ಬಿಚ್ಚಿಕೊಳ್ಳಲಿಲ್ಲವೆಂದು ಗ್ರಾಹಕರೊಬ್ಬರು ಹ್ಯುಂಡೈ ಕಂಪನಿಯ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2022ರ ಏಪ್ರಿಲಿನಲ್ಲಿ ತೀರ್ಪು ಕೊಟ್ಟಿತು. ಡಿಕ್ಕಿಯ ವೇಗವನ್ನೂ ಬಲವನ್ನೂ ಗುಣಿಸಿ ಭಾಗಿಸುವ ಭೌತಶಾಸ್ತ್ರದ ಪಂಡಿತನಾಗಿರಬೇಕೆಂದು ಗ್ರಾಹಕನಿಂದ ನಿರೀಕ್ಷಿಸಲಾಗದು ಎಂಬುದು ಅದರ ಅಭಿಪ್ರಾಯ. ಗ್ರಾಹಕರು ಗೆದ್ದರು.

ಇನ್ನು ಒಟ್ಟಾಗಿ ಹೋಗುವ ವಿಚಾರ. ಇದೇ ಕಾಯಿದೆಯ 35(1)(ಸಿ) ಕಲಮಿನಂತೆ, ಒಂದೇ ಹಿತಾಸಕ್ತಿಯುಳ್ಳ ಅನೇಕರ ಪರವಾಗಿ ಒಬ್ಬರೋ ಕೆಲವರೋ ಗ್ರಾಹಕ ಆಯೋಗದ ಅನುಮತಿ ಪಡೆದು ದೂರು ಕೊಡಬಹುದು. ‘ಒಂದೇ ಹಿತಾಸಕ್ತಿ’ ಎಂಬ ಈ ಎರಡು ಮಾತಿನಲ್ಲೇ ಎಲ್ಲವೂ ಅಡಗಿದೆ. ಅದರ ಪಾಠ ನಮ್ಮ ನೆರೆಯಲ್ಲೇ ಸಿಕ್ಕಿತು. ವೈಟ್‌ಫೀಲ್ಡ್ ಕಡೆಯ ಬ್ರಿಗೇಡ್ ಲೇಕ್‌ಫ್ರಂಟ್ ವಸತಿ ಸಮುಚ್ಚಯದಲ್ಲಿ 1,134 ಮನೆಗಳು. ಮನೆ ಕೊಡುವುದು ತಡವಾಯಿತೆಂದು 91 ಮಂದಿ ಎಲ್ಲರ ಪರವಾಗಿ ದೂರು ಕೊಟ್ಟರು. 2021ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಏನೆಂದಿತು? ಕಟ್ಟಡದ ಭಾಗಗಳು ಬೇರೆ, ಒಪ್ಪಂದದ ತಾರೀಖುಗಳು ಬೇರೆ. ಎಲ್ಲರ ಹಿತಾಸಕ್ತಿಯೂ ಒಂದೇ ಎಂಬುದನ್ನು ದೂರಿನಲ್ಲಿ ಸಾಕಷ್ಟು ವಿವರಿಸಿಲ್ಲ. ಆದ್ದರಿಂದ 1,134 ಮನೆಯವರ ಪರವಾದ ದೂರೆಂದು ಇದನ್ನು ನಡೆಸಲಾಗದು, ಆ 91 ಮಂದಿಯ ಜಂಟಿ ದೂರೆಂದು ನಡೆಸಬಹುದು. ಬಾಗಿಲು ಮುಚ್ಚಲಿಲ್ಲ, ಕಿರಿದಾಯಿತು.

ಗಾಡಿಯ ಸಂಗತಿ ಇದಕ್ಕಿಂತ ಅನುಕೂಲವಾಗಿದೆ. ಇಲ್ಲಿ ಯಾವ ಮಾದರಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಬಿಡಿಭಾಗ ಎಂದು ಕಂಪನಿಯೇ ಗೆರೆ ಎಳೆದು ಕೊಟ್ಟಿರುತ್ತದೆ. ಆ ಗೆರೆಯೊಳಗಿನವರ ಹಿತಾಸಕ್ತಿ ಒಂದೇ ಎಂದು ವಾದಿಸಲು ಕಂಪನಿಯ ಪ್ರಕಟಣೆಯೇ ನಮಗೆ ಆಧಾರ. ಆದರೆ ವಾಪಸು ಕರೆದ ಮಾತ್ರಕ್ಕೆ ಪರಿಹಾರ ಬಂದೀತೆಂದು ಭ್ರಮಿಸಬೇಡಿ. ದೋಷವನ್ನೂ ನಷ್ಟವನ್ನೂ ತೋರಿಸಲೇಬೇಕು.

ಆದ್ದರಿಂದ ಮಾಡಬೇಕಾದ್ದು ಇಷ್ಟು. ಮೊದಲು ಗಾಡಿ ರಿಪೇರಿ ಮಾಡಿಸಿ. ಮೊಕದ್ದಮೆಗೆಂದು ದೋಷದ ಗಾಡಿ ಓಡಿಸಿ ಪ್ರಾಣಕ್ಕೆ ಸಂಚಕಾರ ತಂದುಕೊಳ್ಳಬೇಡಿ. ಕಂಪನಿಯಿಂದ ಬಂದ ಸಂದೇಶ, ವರ್ಕ್‌ಷಾಪಿನ ಜಾಬ್ ಕಾರ್ಡು, ಬಿಟ್ಟ ದಿನ, ಕೊಟ್ಟ ದಿನ, ಬಾಡಿಗೆ ಗಾಡಿಯ ರಸೀತಿ, ತಪ್ಪಿದ ಹಾಜರಿ, ಇವುಗಳ ಕಾಗದ ಜೋಪಾನವಾಗಿಡಿ. ಬಾಯಿಮಾತಿನ ಭರವಸೆ ಬೇಡ, ಬರೆದು ಕೇಳಿ. ಬೀದಿಗೊಂದು ನೋಟುಪುಸ್ತಕವಿಟ್ಟು ಒಂದೇ ದೋಷದ ಗಾಡಿಯವರ ಹೆಸರು, ಮಾದರಿ, ಚಾಸಿ ನಂಬರು, ನಷ್ಟದ ಮೊತ್ತ ಬರೆದುಕೊಳ್ಳಿ. ಬೇರೆ ಬೇರೆ ದೋಷದವರನ್ನು ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ. ಪೆಟ್ಟು ತಿಂದವರು, ಮನೆಯವರನ್ನು ಕಳೆದುಕೊಂಡವರು ತಮ್ಮ ದೂರನ್ನು ಪ್ರತ್ಯೇಕವಾಗಿ ಕೊಡುವುದೇ ಮೇಲು. ಅವರ ನಷ್ಟ ದಿನಗೂಲಿಯ ಲೆಕ್ಕಕ್ಕೆ ಸಿಕ್ಕುವಂಥದ್ದಲ್ಲ. ಕೂಡಿ ಹೋದಾಗ ಎಲ್ಲ ಗಾಡಿಗಳ ಬೆಲೆಯೂ ಸೇರಿ ಜಿಲ್ಲಾ ಆಯೋಗದ ಬದಲು ರಾಜ್ಯ ಆಯೋಗಕ್ಕೆ ಹೋಗಬೇಕಾದೀತು. ಅದನ್ನು ವಕೀಲರಲ್ಲಿ ವಿಚಾರಿಸಿಕೊಳ್ಳಿ. ಎರಡು ವರ್ಷದೊಳಗೆ ದೂರು ಕೊಡಬೇಕೆಂಬುದು ಕಾಯಿದೆಯ ಗಡುವು. ನಾಳೆ ನೋಡೋಣ ಎನ್ನುವವರಿಗೆ ಎರಡು ವರ್ಷ ಬಲು ಬೇಗ ಕಳೆಯುತ್ತದೆ.

ಮಿತ್ರರೇ, ನಾವು ದಾನ ಬೇಡುತ್ತಿಲ್ಲ. ಪೂರ್ತಿ ಬೆಲೆ ಕೊಟ್ಟು ಕೊಂಡ ವಸ್ತು ಪೂರ್ತಿ ಸರಿಯಾಗಿರಲಿಲ್ಲ. ಕಂಪನಿಯ ತಪ್ಪಿನ ಖರ್ಚು ಕಂಪನಿಯ ಲೆಕ್ಕಕ್ಕೆ ಬರೆಯಲ್ಪಡಬೇಕು, ನಮ್ಮ ಹಾಜರಿ ಪುಸ್ತಕಕ್ಕಲ್ಲ. ನಿಮ್ಮಲ್ಲಿ ಯಾರ ಗಾಡಿಗೆ ಇಂಥ ಕರೆ ಬಂದಿದೆಯೋ ಅವರು ಸಭೆ ಮುಗಿದ ಮೇಲೆ ಎದ್ದು ಹೋಗಬೇಡಿ. ಮೊದಲನೆಯ ಪಟ್ಟಿಯನ್ನು ಇಲ್ಲಿಯೇ ಬರೆಯೋಣ.