ಸ್ಪ್ರಿಂಗ್ ಬದಲಿಸಿದ್ದು ನಾನು, ಮುರಿದಿದ್ದು ಬೇರೆ ಏನೋ

ಇವತ್ತು ಒಂದು ಹಳೇ ಕಾರಿನ ಮುಂದಿನ ಚಕ್ರದ ಕಥೆ. ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ರೆ ಆರಾಮಾಗಿ ಕೇಳಿ. ಗಾಡಿ ಓಡಿಸ್ತಾ ಇದ್ರೆ ಆಮೇಲೆ ಕೇಳಿ.

ನಮ್ಮ ಮಾವ, ಅಂದ್ರೆ ಅಮ್ಮನ ತಮ್ಮ, ಇರೋದು ಹುಣಸೂರು ತಾಲ್ಲೂಕಿನ ಹನಗೋಡಲ್ಲಿ. ಹೊಗೆಸೊಪ್ಪು ಬೆಳೀತಾರೆ. ಅವರ ಬ್ಯಾರನ್ ಪಕ್ಕದ ಶೆಡ್ಡಲ್ಲಿ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ. ನನಗಿಂತ ವಯಸ್ಸಲ್ಲಿ ತುಂಬಾ ದೊಡ್ಡದು.

ಹೆರಾಲ್ಡ್ ಅಂದ್ರೆ ಯಾವ್ದು ಅಂತ ಕೇಳೋರಿಗೆ ಸ್ವಲ್ಪ ಹೇಳ್ತೀನಿ. ಬ್ರಿಟನ್ನಿನ ಟ್ರಯಂಫ್ ಕಂಪನಿ 1959ರಲ್ಲಿ ಬಿಟ್ಟ ಕಾರು. ನಮ್ಮಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ ತಯಾರಿಸ್ತು. ವಿನ್ಯಾಸ ಇಟಲಿಯ ಮಿಕೆಲೊಟ್ಟಿಯದ್ದು. ಇದೇ ಕಾರಿನ ಚಾಸಿಸನ್ನು ಗಿಡ್ಡ ಮಾಡಿ 1962ರಲ್ಲಿ ಟ್ರಯಂಫ್‌ನೋರು ಸ್ಪಿಟ್‌ಫೈರ್ ಅನ್ನೋ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಮಾಡಿದ್ರು. ಮುಂದಿನ ಸಸ್ಪೆನ್ಷನ್ ಎರಡಕ್ಕೂ ಒಂದೇ ಥರದ್ದು. ಲೋಟಸ್ ಎಲಾನ್ ಕೂಡ ಮುಂದಿನ ಚಕ್ರಕ್ಕೆ ಟ್ರಯಂಫ್ ಸಾಮಾನನ್ನೇ ಬಳಸ್ತು. ಅಂದ್ರೆ ಹನಗೋಡಿನ ಶೆಡ್ಡಲ್ಲಿ ಅರ್ಧ ಸ್ಪೋರ್ಟ್ಸ್ ಕಾರು ನಿಂತಿತ್ತು ಅಂತ ನನ್ನ ಲೆಕ್ಕ. ಆ ಲೆಕ್ಕವೇ ನನ್ನ ತಲೆ ಕೆಡಿಸಿದ್ದು.

ನಾನು ಐಟಿಐ ಫಿಟ್ಟರ್. ಮೈಸೂರಲ್ಲಿ ಕೆಲಸ. ರಾತ್ರಿ ಹೊತ್ತು ಇಂಗ್ಲೆಂಡಿನೋರು ಸ್ಪಿಟ್‌ಫೈರ್ ಬಿಚ್ಚಿ ಕಟ್ಟೋ ವಿಡಿಯೋ ನೋಡೋದು. ಗಿಡ್ಡ ಸ್ಪ್ರಿಂಗ್, ಗಟ್ಟಿ ಸ್ಪ್ರಿಂಗ್, ದಪ್ಪ ಆಂಟಿ-ರೋಲ್ ಬಾರ್, ಪಾಲಿಯುರಿಥೇನ್ ಬುಶ್, ಎಲ್ಲಾ ಆಸೆ ಆಯ್ತು. ಮೊದಲು ಗಿಡ್ಡ ಸ್ಪ್ರಿಂಗ್ ತರಿಸ್ದೆ. ಹೆರಾಲ್ಡಿನ ಬಾನೆಟ್ ಪೂರ್ತಿ ಮುಂದಕ್ಕೆ ಮಗುಚಿಕೊಳ್ಳುತ್ತೆ, ಚಕ್ರದ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತೇ ಕೆಲಸ ಮಾಡಬಹುದು. ಸ್ಪ್ರಿಂಗ್, ಶಾಕ್ ಎರಡೂ ಒಟ್ಟಿಗೆ ಹೊರಗೆ ಬರುತ್ತೆ. ಆದ್ರೆ ಸ್ಪ್ರಿಂಗ್ ಬಿಚ್ಚೋಕೆ ಕಂಪ್ರೆಸರ್ ಬೇಕೇ ಬೇಕು. ಅದಿಲ್ಲದೆ ಮೇಲಿನ ನಟ್ ಬಿಚ್ಚಿದ್ರೆ ಸ್ಪ್ರಿಂಗ್ ಎಲ್ಲಿಗೆ ಹಾರುತ್ತೋ ಹೇಳೋಕಾಗಲ್ಲ.

ಹಾಕಿದ್ಮೇಲೆ ಕಾರು ನೋಡೋಕೆ ಸೂಪರ್. ಓಡಿಸಿದ್ರೆ ಸೊಂಟ ಹೋಯ್ತು. ನಮ್ಮ ಕಡೆ ರಸ್ತೆ ಹಂಪು, ಗುಂಡಿ, ಕಬ್ಬಿನ ಟ್ರ್ಯಾಕ್ಟರ್ ಓಡಾಡಿದ ಜಾಡು. ಕಾರಿನ ಹೊಟ್ಟೆ ಎರಡು ಸಲ ಹಂಪಿಗೆ ಉಜ್ಜಿತು. ಸ್ಟೇರಿಂಗ್ ಬೇರೆ ಬಿಗಿ ಅನ್ನಿಸ್ತಿತ್ತು. ಹೊಸ ಸ್ಪ್ರಿಂಗ್ ಅಲ್ವಾ, ಸೆಟ್ ಆಗುತ್ತೆ ಅಂದ್ಕೊಂಡೆ. ಅಲ್ಲೇ ನಾನು ಎಡವಿದ್ದು.

ಮಾರನೇ ವಾರ ಅದೇ ಕಾರಲ್ಲಿ ಮೈಸೂರಿಗೆ ಹೋಗೋದು ಅಂತ ಮಾತಾಗಿತ್ತು. ಮಾವ, ಅತ್ತೆ, ಅವರ ಮೊಮ್ಮಗು. ಎರಡು ದಿನ ಮುಂಚೆ ಮಾವ ಶೆಡ್ಡಿಂದ ರಿವರ್ಸ್ ತೆಗೆದು ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರು. ಟಕ್ ಅಂತ ಒಂದು ಸದ್ದು. ಬಲಗಡೆ ಮುಂದಿನ ಚಕ್ರ ಮಡಚಿಕೊಂಡು ಕಾರು ಮಂಡಿ ಊರಿತು. ನಡೆಯೋ ವೇಗಕ್ಕಿಂತ ಕಮ್ಮಿ ಇತ್ತು, ಯಾರಿಗೂ ಏನೂ ಆಗಲಿಲ್ಲ. ಬಿಳಿಕೆರೆ ಹತ್ರ, ಹೈವೇಲಿ, ಆ ಮಗು ಇದ್ದಾಗ ಆಗಿದ್ರೆ?

ಮಾವ ಇಳಿದು ಬಂದು ಚಕ್ರ ನೋಡಿದ್ರು, ನನ್ನ ಮುಖ ನೋಡಿದ್ರು. "ನಲವತ್ತು ವರ್ಷ ಓಡ್ಸಿವ್ನಿ ಕಣ್ಲಾ. ನೀನು ಮುಟ್ಟಿದ ತಿಂಗ್ಳಿಗೇ ಹಿಂಗಾಯ್ತಲ್ಲ" ಅಂದ್ರು. ಅಷ್ಟೇ. ಆಮೇಲೆ ನಾಲ್ಕು ದಿನ ಮಾತಿಲ್ಲ.

ಮುರಿದಿದ್ದು ಸ್ಪ್ರಿಂಗ್ ಅಲ್ಲ. ಚಕ್ರವನ್ನ ಹಿಡಿದಿರೋ ನೇರ ಕಂಬ ಇರುತ್ತಲ್ಲ, ವರ್ಟಿಕಲ್ ಲಿಂಕ್, ಅದರ ಕೆಳತುದಿಯಲ್ಲಿ ಸ್ಕ್ರೂ ಥರ ಥ್ರೆಡ್ ಇದೆ. ಅದು ಕಂಚಿನ ಒಂದು ಗಟ್ಟಿಯೊಳಗೆ ಕೂತಿರುತ್ತೆ. ಅದಕ್ಕೆ ಟ್ರನಿಯನ್ ಅಂತಾರೆ. ನೀವು ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಆ ಕಂಬ ಥ್ರೆಡ್ಡಲ್ಲೇ ತಿರುಗುತ್ತೆ. ಎಡಕ್ಕೊಂದು ಬಲಕ್ಕೊಂದು ಬೇರೆ, ಅದಲುಬದಲು ಮಾಡಂಗಿಲ್ಲ. ಈ ಕಾರು ಬರೀ 25 ಅಡಿ ಜಾಗದಲ್ಲಿ ಆಟೋ ಥರ ಸುತ್ತಿ ಬರೋದು ಈ ಸಸ್ಪೆನ್ಷನ್ ಚಕ್ರವನ್ನ ಅಷ್ಟು ಓರೆಯಾಗೋಕೆ ಬಿಡುತ್ತೆ ಅಂತ.

ಆದ್ರೆ ಅದಕ್ಕೆ ಬೇಕಾಗಿರೋದು ಗ್ರೀಸ್ ಅಲ್ಲ, ಆಯಿಲ್. ಗೇರ್ ಬಾಕ್ಸಿಗೆ ಹಾಕೋ ಇಪಿ 90. ಗ್ರೀಸ್ ಹಾಕಿದ್ರೆ ಕೆಳಗಿನ ಥ್ರೆಡ್ ತನಕ ಸರಿಯಾಗಿ ಇಳಿಯಲ್ಲ, ವರ್ಷ ಕಳೆದಂತೆ ಗಟ್ಟಿಯಾಗಿ ದಾರಿ ಮುಚ್ಚುತ್ತೆ. ಒಳಗೆ ನೀರು ನಿಂತು ಉಕ್ಕು ತುಕ್ಕು ಹಿಡಿಯುತ್ತೆ. ಸ್ಟೇರಿಂಗ್ ಬಿಗಿಯಾಗೋದು ಅದರ ಮುನ್ಸೂಚನೆ. ನನಗೆ ಆ ಸೂಚನೆ ಬಂದಿತ್ತು, ನಾನೇ ಸ್ಪ್ರಿಂಗ್ ಮೇಲೆ ಹಾಕಿ ಸುಮ್ಮನಾದೆ.

ಮುರಿದ ತುದೀನ ಮಾವನ ಕೈಗೆ ಕೊಟ್ಟೆ. ಅರ್ಧ ಭಾಗ ಕಪ್ಪು ತುಕ್ಕು, ಅಂದ್ರೆ ಹಳೇ ಬಿರುಕು. ಉಳಿದರ್ಧ ಹೊಳೆಯೋ ಉಕ್ಕು, ಅವತ್ತು ಮುರಿದಿದ್ದು. "ಸರ್ವೀಸಿಗೆ ಬಿಟ್ಟಾಗೆಲ್ಲ ಗ್ರೀಸ್ ಹೊಡ್ಸಿದ್ನಲ್ಲೋ" ಅಂದ್ರು. ಹೊಡೆಸಿದ್ರು, ನಿಜ. ಹೊಡೆದೋರು ಬೇರೆ ಎಲ್ಲಾ ಕಾರಿಗೂ ಮಾಡೋ ಥರಾನೇ ಮಾಡಿದ್ರು. ಮಾವನ ಮುಖ ಸಣ್ಣಗಾಯ್ತು. ಅವರು ಬೈದಿದ್ದೇ ವಾಸಿ ಇತ್ತು ಅನ್ನಿಸ್ತು ನನಗೆ.

ಹುಣಸೂರಲ್ಲಿ ಒಬ್ರು ವೆಲ್ಡಿಂಗ್ ಹೊಡ್ಕೊಡ್ತೀನಿ ಅಂದ್ರು. ದಯವಿಟ್ಟು ಈ ಭಾಗಕ್ಕೆ ಯಾರೂ ವೆಲ್ಡಿಂಗ್ ಮಾಡಿಸಬೇಡಿ. ಟ್ರನಿಯನ್ನೇ ಬೇಡ ಅಂತ ಬೇರಿಂಗ್ ಇರೋ ಕಿಟ್ ಇಂಗ್ಲೆಂಡಲ್ಲಿ ಸಿಗುತ್ತೆ. ಕಸ್ಟಮ್ಸ್ ಸೇರಿಸಿ ನೋಡಿದ್ರೆ ಆ ದುಡ್ಡಿಗೆ ಒಂದು ಸೆಕೆಂಡ್ ಹ್ಯಾಂಡ್ ಬೈಕ್ ಬರ್ತಿತ್ತು. ನನಗಿನ್ನೂ ಅದರ ಮೇಲೆ ಕಣ್ಣಿದೆ, ಸುಳ್ಳು ಹೇಳಲ್ಲ. ಆದ್ರೆ ಆಯಿಲ್ ಕಂಡ ಟ್ರನಿಯನ್ ದಶಕಗಟ್ಟಲೆ ಬಾಳುತ್ತೆ. ಹಾಗಾಗಿ ಎರಡೂ ಕಡೆ ಹೊಸ ಲಿಂಕು, ಹೊಸ ಟ್ರನಿಯನ್ನು, ಹೊಸ ಶಾಕು ಹಾಕ್ದೆ. ಬುಶ್ ರಬ್ಬರಿಂದೇ. ಪಾಲಿ ಬುಶ್ ನುಣ್ಣನೆ ರಸ್ತೆಗೆ ಚೆನ್ನಾಗಿರಬಹುದು, ನಮ್ಮ ಗುಂಡಿಗೆ ರಬ್ಬರೇ ವಾಸಿ. ಹಳೇ ಸ್ಪ್ರಿಂಗ್ ವಾಪಸ್ ಬಂತು. ಗಿಡ್ಡ ಸ್ಪ್ರಿಂಗ್ ಬ್ಯಾರನ್ ಮೂಲೇಲಿ ಬಿದ್ದಿವೆ, ಬೇಕಾದೋರು ಹೇಳಿ.

ನಿಮ್ಮನೇಲೂ ಹೆರಾಲ್ಡ್ ಇದ್ರೆ ಜಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಟ್ರನಿಯನ್ನಿನ ಪ್ಲಗ್ ಬಿಚ್ಚಿ, ನಿಪ್ಪಲ್ ಹಾಕಿ, ಗ್ರೀಸ್ ಗನ್ನಿಗೇ ಆಯಿಲ್ ತುಂಬಿ, ಮೇಲಿಂದ ಜಿನುಗೋ ತನಕ ಒತ್ತಿ. ಗನ್ನಿಂದ ಕೈಗೆಲ್ಲ ಸೋರುತ್ತೆ, ಹಳೇ ಬಟ್ಟೆ ಹಾಕ್ಕೊಳಿ. ಮಾವ ಈಗ ಆರು ತಿಂಗಳಿಗೊಂದ್ಸಲ ತಾವೇ ಮಾಡ್ತಾರೆ, ಗ್ರೀಸ್ ಗನ್ನಿಗೆ ಬೇರೆ ಯಾರೂ ಕೈ ಹಾಕಂಗಿಲ್ಲ.

ಮೊನ್ನೆ ಬೆಳಗ್ಗೆ ಆರಕ್ಕೇ ಫೋನ್ ಮಾಡಿದ್ರು. "ಮುಂದಿನ ಚಕ್ರದ ಕೆಳಗೆ ಆಯಿಲ್ ತೊಟ್ಟಿಕ್ತಾ ಅದೆ ಕಣ್ಲಾ, ಏನ್ ಮಾಡ್ಲಿ?"

"ತೊಟ್ಟಿಕ್ಲಿ ಬಿಡಿ ಮಾವ" ಅಂದೆ. "ನಿಂತೋದ್ರೆ ಫೋನ್ ಮಾಡಿ."